ನನ್ನ ಟವೆಲಿಗೆ ಬಿದ್ದ ಉಡಿಯಕ್ಕಿ

ಕೊರೊನಾದ ಗಲಾಟೆ ಅಡಗಿ ವಿಮಾನಗಳು ಮೊದಲಿನಂತೆ ಹಾರತೊಡಗಿದ ವರ್ಷದ ಮಾತು ಇದು. ನಾನು ಸವಣೂರಿನ ಬಸಣ್ಣ, ಬೋರ್‌ವೆಲ್ ಗಾಡಿಯ ಮೆಕ್ಯಾನಿಕ್. ಕಂಪ್ರೆಸರ್ ಕೆಟ್ಟರೆ ಅದರ ಸದ್ದು ಕೇಳಿಯೇ ರೋಗ ಹೇಳುತ್ತೇನೆಂದು ನಮ್ಮ ಕಡೆ ಸ್ವಲ್ಪ ಹೆಸರಿತ್ತು. ಅದನ್ನು ನಂಬಿ ತಮಿಳುನಾಡಿನ ಗಾಡಿ ಮಾಲೀಕರೊಬ್ಬರು ಎರಡು ವರ್ಷದ ಕರಾರಿನ ಮೇಲೆ ನನ್ನನ್ನು ಆಫ್ರಿಕಾದ ತಾಂಜಾನಿಯಾ ದೇಶಕ್ಕೆ ಕರೆದೊಯ್ದರು. ಹೊರಡುವ ದಿನ ನನ್ನ ಹೆಂಡತಿ ಗಿರಿಜಾ, "ಇಲ್ಲಿ ನೆಲಾ ಎಲ್ಲಾ ಕೊರದು ಮುಗೀತೇನು? ಅಲ್ಲಿಗೂ ತೂತು ಹಾಕಾಕ ಹೊಂಟೀರಲ್ಲ" ಎಂದಿದ್ದಳು. ನಾನು ನಕ್ಕು ಹೊರಟೆ. ಆ ನಗೆ ಎರಡೇ ತಿಂಗಳಿಗೆ ಒಣಗಿತು.

ಕೆಲಸ ನಮ್ಮೂರಿನದೇ. ಆದರೆ ಊರಿಂದೂರಿಗೆ ಕೆಂಪು ಧೂಳಿನ ದಾರಿ, ಡೇರೆಯಲ್ಲಿ ವಾಸ, ಅರ್ಥವಾಗದ ತಮಿಳು, ಅದಕ್ಕಿಂತ ಅರ್ಥವಾಗದ ಸ್ವಾಹಿಲಿ. ಒಂದು ಸಮಾಧಾನವೆಂದರೆ ಅಲ್ಲಿಯ ಜನರೂ ಜೋಳ ಬೆಳೆಯುತ್ತಿದ್ದರು. ಗಾಡಿಯ ಕಿಟಕಿಯಿಂದ ಜೋಳದ ಹೊಲ ಕಂಡಾಗ ಒಂದು ಗಳಿಗೆ ಹಾನಗಲ್ ದಾರಿಯಲ್ಲಿದ್ದೇನೆ ಅನ್ನಿಸುತ್ತಿತ್ತು. ಮರುಗಳಿಗೆಗೆ ಅಲ್ಲ ಅಂತ ಗೊತ್ತಾಗಿ ಇನ್ನಷ್ಟು ಬೇಸರ ಬರುತ್ತಿತ್ತು.

ಕರಾರು ಮುಗಿಯಲು ಕೆಲವೇ ತಿಂಗಳಿದ್ದಾಗ ಒಂದು ಹಳ್ಳಿಯ ಸಣ್ಣ ಆಸ್ಪತ್ರೆಗೆ ಬೋರು ಕೊರೆಯಲು ಹೋದೆವು. ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸುವ ಹೆರಿಗೆ ಆಸ್ಪತ್ರೆ ಅದು. ಮೂರು ಜನ ಸಿಸ್ಟರ್. ಇಬ್ಬರು ಅದೇ ನಾಡಿನವರು, ಎಳೆಯರು. ಒಬ್ಬರು ಐವತ್ತು ದಾಟಿದ ಭಾರತದವರು, ಹೆಸರು ರೋಜಲಿನ್. ಮೊದಲನೆಯ ಬೋರು ಬರೀ ಧೂಳು ಕಾರಿತು. ಎರಡನೆಯದರಲ್ಲಿ ನೀರು ಬಂತು. ನೀರು ಬಂದ ಸಂಜೆಯೇ ನನಗೆ ಚಳಿ ಜ್ವರ ಹತ್ತಿತು. ಮಲೇರಿಯಾ. ಗಾಡಿ ನಿಲ್ಲಿಸಿಕೊಂಡು ಕೂರಲು ಮಾಲೀಕರಿಗೆ ಆಗುತ್ತದೆಯೇ? ನನ್ನನ್ನು ಸಿಸ್ಟರ್‌ಗಳ ಕೈಗೆ ಒಪ್ಪಿಸಿ, ಗುಣವಾದ ಮೇಲೆ ಬಂದು ಸೇರಿಕೋ ಎಂದು ಹೇಳಿ ಹೊರಟುಹೋದರು.

ಹೆಂಗಸರ ಆಸ್ಪತ್ರೆಯಲ್ಲಿ ನಾನೊಬ್ಬ ಗಂಡಸು. ನನಗೆ ಔಷಧಿ ಇಡುವ ಕೋಣೆಯಲ್ಲಿ ಒಂದು ಮಂಚ ಹಾಕಿದರು. ರೋಜಲಿನ್ ಸಿಸ್ಟರ್ ಬಂದು ಸೂಜಿ ಚುಚ್ಚುತ್ತಿದ್ದರು, ಗಂಜಿ ಕುಡಿಸುತ್ತಿದ್ದರು, "ಅಬ್ ಕೈಸಾ ಹೈ?" ಎಂದು ಕೇಳುತ್ತಿದ್ದರು. ನಾನು "ಠೀಕ್ ಹೈ ಸಿಸ್ಟರ್" ಎನ್ನುತ್ತಿದ್ದೆ. ನಮ್ಮ ಕಡೆಯವರಿಗೆ ಸಿಸ್ಟರ್ ಅಂದರೆ ಕೇರಳದವರು ಎಂಬುದು ಖಾಯಂ ಲೆಕ್ಕ. ನಾನೂ ಅದೇ ಲೆಕ್ಕ ಹಾಕಿದ್ದೆ. ಅವರೋ, ಬೋರ್‌ವೆಲ್ ಗಾಡಿಯ ಜತೆ ಬಂದವನು ತಮಿಳನೇ ಇರಬೇಕೆಂದು ತಿಳಿದಿದ್ದರು. ಹೀಗೆ ವಾರಗಟ್ಟಲೆ ಇಬ್ಬರೂ ಹರಕು ಹಿಂದಿಯಲ್ಲಿ ಒದ್ದಾಡಿದೆವು.

ಜ್ವರ ಇಳಿದ ಮೇಲೆ ಜಗುಲಿಗೆ ಬಂದು ಕೂರತೊಡಗಿದೆ. ಆಗ ಅವರ ಕೆಲಸ ಕಣ್ಣಿಗೆ ಬಿತ್ತು. ದೂರದೂರದ ಹಳ್ಳಿಗಳ ಬಸುರಿಯರು ದಿನ ತುಂಬುವ ಮೊದಲೇ ನಡೆದು ಬಂದು ಆಸ್ಪತ್ರೆಯ ಹಿಂದಿನ ಉದ್ದನೆಯ ಮನೆಯಲ್ಲಿ ಉಳಿಯುತ್ತಿದ್ದರು. ನೋವು ಬಂದ ಮೇಲೆ ಹೊರಟರೆ ದಾರಿಯಲ್ಲೇ ಹೆರಿಗೆಯಾಗುತ್ತದೆ, ತಾಯಿ ಮಗು ಇಬ್ಬರೂ ಉಳಿಯುವುದಿಲ್ಲ ಎಂದು ಸಿಸ್ಟರ್‌ಗಳೇ ಕಟ್ಟಿಸಿದ ಮನೆ. ಹೆರಿಗೆ ಮಾಡಿಸುವುದು, ಮರಕ್ಕೆ ತಕ್ಕಡಿ ನೇತುಹಾಕಿ ಕೂಸುಗಳನ್ನು ತೂಗುವುದು, ಮಧ್ಯಾಹ್ನ ಜೀಪಿನಲ್ಲಿ ಹಳ್ಳಿ ತಿರುಗುವುದು, ಬಂದ ಮೇಲೆ ಸೌದೆ ಒಡೆದು ನೀರು ಕಾಯಿಸುವುದು, ಎಲ್ಲ ಆ ಮೂವರೇ. ರೋಜಲಿನ್ ಸಿಸ್ಟರ್ ಕೂತಿದ್ದನ್ನು ನಾನು ನೋಡಿರಲಿಲ್ಲ. ಗೋಡೆಗೆ ಕೈಯೂರಿ ಕಣ್ಣು ಮುಚ್ಚಿ ನಿಂತಿರುತ್ತಿದ್ದರು, ಯಾರಾದರೂ ಕರೆದರೆ ಮತ್ತೆ ನಡೆಯುತ್ತಿದ್ದರು. ಅಲ್ಲಿಯ ಜನ ದಣಿದವರನ್ನು ಕಂಡರೆ "ಪೋಲೆ" ಎನ್ನುತ್ತಾರೆ. ಅಯ್ಯೋ ಪಾಪ, ಸಾಕಾಯಿತಲ್ಲ ಎಂಬಂಥ ಮಾತು. ದಿನವಿಡೀ ಅವರಿಗೆ ಎಲ್ಲರೂ ಪೋಲೆ ಹೇಳುವವರೇ.

ಒಂದು ಬೆಳಿಗ್ಗೆ ಬಾಣಂತಿಯೊಬ್ಬಳು ಊರಿಗೆ ಹೊರಟು ನಿಂತಿದ್ದಳು. ನೀಮಾ ಎಂಬ ಎಳೆಯ ಹುಡುಗಿ. ಕೂಸಿನ ಅಪ್ಪ ಇಂಥವನೆಂದು ಯಾರೂ ಮುಂದೆ ಬಂದಿರಲಿಲ್ಲವಂತೆ, ಕರೆದೊಯ್ಯಲು ಒಬ್ಬ ಮುದುಕಿ ಮಾತ್ರ ಬಂದಿದ್ದಳು. ಸಿಸ್ಟರ್ ಒಂದು ಮೊರ ತಂದರು. ಹುಡುಗಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ತಾನು ಸುತ್ತಿಕೊಂಡಿದ್ದ ಬಣ್ಣದ ಬಟ್ಟೆಯ ಅಂಚನ್ನು ಎರಡೂ ಕೈಯಿಂದ ಮುಂದೆ ಒಡ್ಡಿದಳು. ಸಿಸ್ಟರ್ ಬೊಗಸೆಯಲ್ಲಿ ಜೋಳ ತೆಗೆದು ಅದರಲ್ಲಿ ಸುರಿದರು. ಮತ್ತೆ ಸುರಿದರು. ಮೇಲೆ ಒಂದು ಹೊಸ ಬಟ್ಟೆಯ ತುಂಡು, ಒಂದು ಬೆಲ್ಲದ ಉಂಡೆ ಇಟ್ಟರು. ಸಿಸ್ಟರ್ ಸನ್ನೆ ಮಾಡಿದೊಡನೆ ಹುಡುಗಿ ಆ ಜೋಳದಲ್ಲಿ ಒಂದು ಚಿಟಿಕೆ ತೆಗೆದು ಮೊರಕ್ಕೇ ವಾಪಸು ಹಾಕಿದಳು.

ತವರಿನಿಂದ ಹೊರಟ ಮಗಳ ಸೆರಗಿಗೆ ಅಕ್ಕಿ ಹಾಕುವುದು, ತವರು ಬರಿದಾಗಬಾರದೆಂದು ಅವಳು ಒಂದು ಚಿಟಿಕೆ ಹಿಂದಿರುಗಿಸುವುದು ನಮ್ಮ ಮನೆಮನೆಯ ಪದ್ಧತಿ. ನನ್ನ ತಂಗಿಗೆ ನನ್ನ ಅವ್ವ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. "ಅರೆ, ಉಡಿ ತುಂಬಾಕತ್ತಾರಲ್ಲ ಇವ್ರು!" ಎಂದು ಜೋರಾಗಿ ಬಾಯಿಂದ ಬಿತ್ತು.

ಸಿಸ್ಟರ್ ಕೈಯಲ್ಲಿದ್ದ ಮೊರ ವಾಲಿ ಜೋಳ ನೆಲಕ್ಕೆ ಚೆಲ್ಲಿತು.

"ಏನಂದ್ರಿ?"

"ಉಡಿ ಅಂದೆ ರೀ."

"ಯಾವೂರು ನಿಮ್ದು?"

"ಸವಣೂರು ರೀ."

ಸಿಸ್ಟರ್ ಹಾಗೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಅಯ್ಯ ನಮ್ಮಪ್ಪಾ! ಇಷ್ಟ ದಿನಾ ನಿಮ್ಮ ಕೂಡ ಹಿಂದೀ ಮಾತಾಡಿ ನನ್ನ ನಾಲಿಗಿ ಸವದು ಹೋತಲ್ಲ! ನಂದು ಚಿಕ್ಕೇರೂರು. ಹಿರೇಕೆರೂರು ತಾಲೂಕು." ನಗುತ್ತ ಶುರು ಮಾಡಿದವರು ಕಣ್ಣು ಒರೆಸಿಕೊಂಡರು. ನೀಮಾ ಪಾಪ, ಉಡಿ ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದಳು.

ಅವತ್ತು ಮಧ್ಯಾಹ್ನ ಅವರು ಅಲ್ಲಿಯ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದರು. ಅಂಚು ಒಡೆದಿತ್ತು, ಆದರೆ ರೊಟ್ಟಿ ರೊಟ್ಟಿಯೇ. ತಿನ್ನುತ್ತ ನಾನು ಕೇಳಿದೆ, "ಸಿಸ್ಟರ್, ಆ ಹುಡುಗಿಗೆ ಮದುವೀನ ಆಗಿಲ್ಲಂತ. ಅಂಥಾಕಿಗೂ ಉಡಿ ತುಂಬ್ತಾರೇನು?"

"ಇಲ್ಲಿ ಯಾರಿಗೂ ಬ್ಯಾಡ ಅನ್ನಂಗಿಲ್ಲ ಬಸಣ್ಣ. ಗಂಡ ಇದ್ದಾಕಿ, ಬಿಟ್ಟಾಕಿ, ಸತ್ತಾಕಿ, ಎಲ್ಲಾರಿಗೂ ತುಂಬೂದ. ಬರಿಗೈಲೆ ಹೋಗೂದು ಏನಂತ ನನಗ ಗೊತ್ತೈತಿ." ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಅವರೇ ಮುಂದುವರಿಸಿದರು. "ನಾ ಸಿಸ್ಟರ್ ಆಗಾಕ ಮನಿ ಬಿಟ್ಟ ದಿನಾ ಅವ್ವ ನನ್ನ ಉಡಿ ತುಂಬಲಿಲ್ಲ. ನಾವು ಚರ್ಚಿಗೆ ಹೋಗೂ ಮಂದಿ ಖರೆ, ಆದ್ರ ಪದ್ಧತಿ ಎಲ್ಲಾ ಊರಿಂದ. ಅಕ್ಕನ ಉಡಿ ಬಾಗಿಲದಾಗ ನಿಂದ್ರಿಸಿ ತುಂಬಿದ್ಲು. ನಾ ಹೊಂಟಾಗ ಒಳಗ ಹೋಗಿಬಿಟ್ಲು. ರಜಾಕ್ಕ ಊರಿಗೆ ಹೋದಾಗೆಲ್ಲ ರೊಟ್ಟಿ ಕಟ್ಟಿ ಕೊಡ್ತಾಳ, ಚಟ್ನಿಪುಡಿ ಕೊಡ್ತಾಳ. ಉಡಿ ಮಾತ್ರ ಇಲ್ಲ. ನಾ ಹೋಗಿದ್ದು ಅಕಿ ಮನಸ್ಸಿಗೆ ಬಂದಿಲ್ಲ."

"ಕೇಳಬೇಕಿತ್ತಲ್ರಿ."

"ಉಡಿ ಕೇಳಿ ತುಂಬಿಸ್ಕೊಳ್ತಾರೇನು?" ಎಂದರು.

ಆಮೇಲೆ ನಾನಲ್ಲಿದ್ದಷ್ಟು ದಿನ ಕೆಲಸದ ನಡುವೆ ಬಂದು ಎರಡು ಮಾತು ಕನ್ನಡದಲ್ಲಿ ಆಡಿ ಹೋಗುತ್ತಿದ್ದರು. ಬಹಳ ಮಾಡಿ ಒಂದೇ ಮಾತು. "ಬಾಳ ದಣದೇನಿ ಬಸಣ್ಣ." ನಾನು ಒಮ್ಮೆ, "ಇಲ್ಲಿ ಎಲ್ಲಾರೂ ಪೋಲೆ ಅಂತಾರಲ್ರಿ ನಿಮಗ" ಎಂದೆ. "ಅವ್ರು ಅಂತಾರ, ಅವ್ರ ಮಮತಿ ದೊಡ್ಡದು. ಆದ್ರ ಯವ್ವಾ ಸಾಕಾತು ಅಂತ ನಾ ಅನ್ನಬೇಕಂದ್ರ ಅದು ಕನ್ನಡದಾಗ ಬರ್ತೈತಿ. ಕೇಳೋರು ಯಾರಿದ್ರು ಇಲ್ಲಿ?" ಎಂದರು. ಅವರ ದಣಿವು ನೋಡಿ ನನ್ನ ದಣಿವಿನ ಬಗ್ಗೆ ನಾಚಿಕೆ ಬರಲಿಲ್ಲ. ಇಬ್ಬರ ದಣಿವೂ ಸೇರಿ ಎದೆಯ ಮೇಲೆ ಕಲ್ಲು ಇಟ್ಟಂತಾಯಿತು ಅಷ್ಟೆ.

ನಾನು ಹೊರಡುವಾಗ ಅವರು ಕೇಳಿದ್ದು ಒಂದೇ ಉಪಕಾರ. "ಊರಿಗೆ ಹೋದ ಮ್ಯಾಲೆ ಒಮ್ಮೆ ಅವ್ವನ್ನ ನೋಡಿ ಬರ್ರಿ. ಕೊರೊನಾ ಬಂದಾಗಿಂದ ನನಗ ಹೋಗಾಕ ಆಗಿಲ್ಲ. ಅಕಿಗೆ ಕಣ್ಣು ಮಂಜಾಗ್ಯಾವು, ವಯಸ್ಸು ಬಾಳ ಆಗೈತಿ. ಮಗಳು ಆರಾಮದಾಳ ಅಂತ ಹೇಳ್ರಿ. ದಣದಾಳ ಅಂತ ಮಾತ್ರ ಹೇಳಬ್ಯಾಡ್ರಿ."

ಕರಾರು ಮುಗಿದು ಊರಿಗೆ ಬಂದೆ. ಇನ್ನು ಹೊಸ್ತಿಲು ದಾಟಿ ಎಲ್ಲೂ ಹೋಗುವುದಿಲ್ಲ ಎಂದು ಗಿರಿಜಾಳ ಮುಂದೆ ಆಣೆ ಮಾಡಿ ನಾಲ್ಕು ದಿನ ಬರೀ ಮಲಗಿದೆ. ಮೈನೋವು ಇಳಿಯುವ ಮೊದಲೇ ಚಿಕ್ಕೇರೂರಿಗೆ ಹೊರಟೆ. ಸವಣೂರಿನವನು ಬರಿಗೈಲಿ ಹೋದರೆ ಊರಿಗೇ ಅವಮಾನ. ನಮ್ಮೂರಿನ ಹೆಸರಾದ ವೀಳ್ಯದೆಲೆ ಒಂದು ಕಟ್ಟು, ಕರಿದ ಖಾರ ಒಂದು ಪೊಟ್ಟಣ ತೆಗೆದುಕೊಂಡೆ. ಬಂಕಾಪುರದಲ್ಲಿ ಒಂದು ಬಸ್ಸು, ಹಾನಗಲ್ಲಿನಲ್ಲಿ ಇನ್ನೊಂದು. ಎರಡರಲ್ಲೂ ನಿಂತೇ ಹೋದೆ.

ರೋಜಲಿನ್ ಸಿಸ್ಟರ್ ಅವರ ತಾಯಿ ಮರಿಯವ್ವ ಮಗ ಸೊಸೆಯ ಜತೆ ಇದ್ದರು. ಮಗ ಸೊಸೆ ಹೊಲಕ್ಕೆ ಹೋಗಿದ್ದರಿಂದ ಒಬ್ಬರೇ ಪಡಸಾಲೆಯಲ್ಲಿ ಕೂತಿದ್ದರು. ನಾನು ಇಂಥವನು, ನಿಮ್ಮ ಮಗಳ ಕಡೆಯಿಂದ ಬಂದೆ ಎಂದೊಡನೆ ಕೈ ಚಾಚಿ ನನ್ನ ಮುಖ ಮುಟ್ಟಿ ನೋಡಿದರು.

"ಆರಾಮದಾಳೇನಪಾ?"

"ಆರಾಮದಾರ ಅವ್ವ."

"ದಣದಾಳೇನು?"

ಇದನ್ನು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದೆ, ಮಾತು ಬರಲಿಲ್ಲ. ಮುದುಕಿ ತಲೆಯಾಡಿಸಿದರು. "ನೀ ಸುಮ್ಮನಾಗಿದ್ದು ನೋಡಿ ಗೊತ್ತಾತು ಬಿಡು. ಫೋನಿನಾಗ ಆರಾಮ ಆರಾಮ ಅಂತಾಳ. ಹಡದಾಕಿಗೆ ಧ್ವನಿ ತಿಳಿಯಂಗಿಲ್ಲೇನು?"

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಕಂಡಿದ್ದೆಲ್ಲ ಹೇಳಿದೆ. ಬಸುರಿಯರ ಮನೆ, ಮರಕ್ಕೆ ನೇತುಹಾಕಿದ ತಕ್ಕಡಿ, ಜೋಳದ ರೊಟ್ಟಿ. ಕೊನೆಗೆ ನೀಮಾಳ ಉಡಿಯ ವಿಷಯ ಹೇಳಿದೆ. ಮರಿಯವ್ವ ಎಲ್ಲವನ್ನೂ ಹೂಂಗುಟ್ಟುತ್ತ ಕೇಳುತ್ತಿದ್ದವರು ಅಲ್ಲಿಗೆ ಬಂದಾಗ ಹೂಂ ನಿಲ್ಲಿಸಿದರು.

"ಅಲ್ಲಿ ಎಲ್ಲಾರಿಗೂ ತುಂಬ್ತಾಳಾ?"

"ಎಲ್ಲಾರಿಗೂ ಅವ್ವ. ತನಗ ಯಾರೂ ತುಂಬಲಿಲ್ಲ ಅಂತ ಬಾಳ ನೊಂದಾರ. ಹೋಗಿದ್ದು ನಿಮ್ಮ ಮನಸ್ಸಿಗೆ ಬಂದಿಲ್ಲ ಅಂತ ತಿಳದಾರ."

"ಅಯ್ಯೋ ನನ್ನ ಮಗಳ! ಉಡಿ ತುಂಬಿದ್ರ ಮಗಳ ಜೀವ ತವರಿಗೆ ಜಗ್ತೈತಿ ಅಂತ ನಮ್ಮ ಹಿರ್ಯಾರು ಹೇಳ್ತಿದ್ರು. ಗಂಡನ ಮನಿಗೆ ಹೋದಾಕಿ ಜಗ್ಗಿದ್ರ ಪಂಚಮಿಗೆ ಬರ್ತಾಳ, ಹೋಗ್ತಾಳ. ಇಕಿ ದೇವರ ಮನಿಗೆ ಹೊಂಟಾಕಿ. ಅರ್ಧಾ ದಾರಿಗೆ ತವರು ಜಗ್ಗಿ ತಿರಗಿ ಬಂದ್ರ ದೇವರ ಮುಂದ ನಾ ಏನಂತ ಹೇಳ್ಲಿ? ಅದಕ್ಕ ಮನಸ್ಸು ಕಲ್ಲು ಮಾಡ್ಕೊಂಡು ಒಳಗ ಹೋದೆ. ಸಿಟ್ಟಿಲೇ ಅಲ್ಲಪಾ. ಸಿಟ್ಟಿಲೇ ಅಲ್ಲ."

ಗೋಡೆ ಹಿಡಿದು ಒಳಗೆ ಹೋದರು. ಟ್ರಂಕು ತೆಗೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಒಂದು ಕುಬಸದ ಖಣ ಇತ್ತು. "ಅವತ್ತು ತುಂಬಬೇಕಂತ ತಂದಿದ್ದೆ. ಬಣ್ಣ ಉಳದೈತೇನು ನೋಡು." ಮಡಿಕೆ ಮಡಿಕೆಗೂ ಬಣ್ಣ ಬಿಟ್ಟು ಬೆಳ್ಳಗಾಗಿತ್ತು. "ಹೊಸದು ಇದ್ದಂಗ ಐತಿ ಅವ್ವ" ಎಂದೆ.

"ಹಂಗಾದ್ರ ಏಳು. ಎದ್ದು ನಿಂದ್ರು. ಟವೆಲ್ ಒಡ್ಡು."

ನಾನು ಗಾಬರಿಯಾದೆ. "ಅವ್ವ, ನಾ ಗಂಡಸು!"

"ನಿನಗ ಯಾರು ತುಂಬ್ತಾರೋ? ಅಕಿ ಬದ್ಲಿ ನಿಂತೀ ನೀ. ಫೋನಿನಾಗ ಮಾತಾಡಬಹುದು, ಉಡಿ ತುಂಬಾಕ ಆಗ್ತದೇನು? ನಾ ಎಷ್ಟ ದಿನಾ ಇರ್ತೇನೋ. ಒಡ್ಡು."

ಆ ಮನೆಯ ಬಾಗಿಲಲ್ಲಿ ನಿಂತು ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಿಂದ ಒಡ್ಡಿದೆ. ಮರಿಯವ್ವ ಮೊರದಿಂದ ಬೊಗಸೆ ಬೊಗಸೆ ಅಕ್ಕಿ ಹಾಕಿದರು. ಕಣ್ಣು ಸರಿಯಾಗಿ ಕಾಣದ್ದರಿಂದ ಒಂದಿಷ್ಟು ನನ್ನ ಕಾಲ ಮೇಲೆ ಬಿತ್ತು. ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಉತ್ತತ್ತಿ, ಮೇಲೆ ಆ ಖಣ, ನಾನೇ ತಂದಿದ್ದ ಸವಣೂರಿನ ಎಲೆ. ಬಾಯಲ್ಲಿ ಏನೋ ಜಪ ಹೇಳುತ್ತಿದ್ದರು. ಮುಗಿದ ಮೇಲೆ ನಾನು ರೂಢಿಯಂತೆ ಚಿಟಿಕೆ ತೆಗೆಯಲು ಹೋದರೆ ಕೈ ಹಿಡಿದರು. "ನೀ ತಗೀಬ್ಯಾಡ. ಅದು ಅಕಿ ಕೈಲೇ ಬರ್ಲಿ."

ವಾಪಸು ಬರುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು, ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಎಲೆಯ ತುದಿ ಹೊರಗೆ ಕಾಣುತ್ತಿತ್ತು. ಮುಂದಿನ ಸೀಟಿನ ಹೆಂಗಸು ತಿರುಗಿ, "ಯಾರ ಉಡಿ ಅಣ್ಣಾ ಇದು? ಹೆಂಡ್ತಿ ಬಸ್ ತಪ್ಪಿಸ್ಕೊಂಡಾಳೇನು?" ಎಂದು ಕೇಳಿದಳು. ಸುತ್ತಲಿದ್ದವರು ನಕ್ಕರು. ವಿವರಿಸುವಷ್ಟು ತ್ರಾಣ ನನಗಿರಲಿಲ್ಲ. ಹೂಂ ಎಂದುಬಿಟ್ಟೆ.

ಸಿಸ್ಟರ್‌ಗೆ ಫೋನು ಹಚ್ಚಿ ಕೇಳಿದೆ, ನಿಮ್ಮೂರಿನಿಂದ ಒಂದು ಗಂಟು ಕಳಿಸಬೇಕು, ಯಾರಾದರೂ ಬರುವವರಿದ್ದಾರೆಯೇ ಎಂದು. ಏನು ಗಂಟು ಅಂತ ಹೇಳಲಿಲ್ಲ. ಅವರದೇ ಸಂಸ್ಥೆಯ, ಮಂಗಳೂರು ಕಡೆಯ ಸಿಸ್ಟರ್ ಒಬ್ಬರು ಹುಬ್ಬಳ್ಳಿಯಿಂದ ಅಲ್ಲಿಗೆ ಎರಡು ತಿಂಗಳ ಮಟ್ಟಿಗೆ ಹೊರಟಿದ್ದರು. ಹುಬ್ಬಳ್ಳಿಗೆ ಹೋಗಿ ಅವರಿಗೆ ಗಂಟು ಕೊಟ್ಟೆ. ಎಲೆ ಅಷ್ಟರಲ್ಲಿ ಒಣಗಿ ಕಂದಿತ್ತು. ಅವರು ಬಿಚ್ಚಿ ನೋಡಿ, "ಇದೆಲ್ಲ ವಿಮಾನದಲ್ಲಿ ಬಿಡ್ತಾರಾ ಮಾರಾಯ್ರೆ? ಅಕ್ಕಿ ಅಲ್ಲಿಯೂ ಸಿಗ್ತದಲ್ಲ!" ಎಂದರು. ಕಥೆ ಹೇಳಿದೆ. ಅವರು ತಮ್ಮ ಪೆಟ್ಟಿಗೆಯಿಂದ ಏನೇನೋ ತೆಗೆದು ಜಾಗ ಮಾಡಿದರು.

ಎರಡು ತಿಂಗಳು ಕಳೆದು ಮಂಗಳೂರಿನ ಸಿಸ್ಟರ್ ಹುಬ್ಬಳ್ಳಿಗೆ ವಾಪಸು ಬಂದು ಫೋನು ಮಾಡಿದರು. ಹೋದೆ. ಅವರು ಹೇಳಿದ್ದಿಷ್ಟು. ರೋಜಲಿನ್ ಸಿಸ್ಟರ್ ಹೆರಿಗೆ ಕೋಣೆಯಿಂದ ಹೊರಬಂದಾಗ ಇವರು ಗಂಟು ತೋರಿಸಿದರಂತೆ. ಖಣ ಕಂಡೊಡನೆ ಅವರಿಗೆ ಎಲ್ಲ ತಿಳಿಯಿತಂತೆ. ಕೈ ತೊಳೆದು ಬಂದು, ಏಪ್ರನ್ ಒಡ್ಡಿ ನಿಂತು, ಹಾಕು ಎಂದರಂತೆ. "ಅಳಲಿಲ್ಲ ಗೊತ್ತುಂಟಾ. ಉಡಿ ಹಿಡಕೊಂಡು ಕೂತರು. ತುಂಬ ಹೊತ್ತು ಕೂತರು. ಅವರು ಹಾಗೆ ಸುಮ್ಮನೆ ಕೂತದ್ದು ನಾವು ಯಾರೂ ನೋಡಿದ್ದೇ ಇಲ್ಲ ಅಂತ ಅಲ್ಲಿಯ ಸಿಸ್ಟರ್‌ಗಳು ಹೇಳಿದರು. ಮರುದಿನ ಆ ಅಕ್ಕಿ ಬೇಯಿಸಿ ಅಲ್ಲಿದ್ದ ಬಸುರಿಯರಿಗೆಲ್ಲ ಒಂದೊಂದು ತುತ್ತು ಹಾಕಿದರು."

ಆಮೇಲೆ ಒಂದು ಸಣ್ಣ ಬಟ್ಟೆಯ ಗಂಟು ನನ್ನ ಕೈಗಿಟ್ಟರು. "ಇದನ್ನು ತಾಯಿಯ ಕೈಗೆ ಕೊಡಬಾರದಂತೆ. ಸೆರಗು ಒಡ್ಡಿಸಿ ಹಾಕಬೇಕಂತೆ. ಹಾಗೇ ಹೇಳು ಅಂದಿದ್ದಾರೆ."

ಮತ್ತೆ ಬಂಕಾಪುರ, ಮತ್ತೆ ಹಾನಗಲ್, ಮತ್ತೆ ಚಿಕ್ಕೇರೂರು. ಮರಿಯವ್ವ ಈ ಸಲ ಮಂಚದ ಮೇಲಿದ್ದರು, ಸೊಸೆ ಪಕ್ಕದಲ್ಲಿದ್ದಳು. ಮಗಳು ಉಡಿ ತುಂಬಿಸಿಕೊಂಡ ಬಗೆ ಹೇಳಿದೆ. ಮುಖ ಅರಳಿತು. "ಚಿಟಿಕಿ ಕಳಿಸ್ಯಾಳೇನು?" ಎಂದು ಅಂಗೈ ಚಾಚಿದರು.

"ಕೈಯಾಗ ಅಲ್ಲಂತ ಅವ್ವ. ಸೆರಗು ಒಡ್ಡಬೇಕಂತ."

ಚಾಚಿದ ಕೈ ಅಲ್ಲೇ ನಿಂತಿತು. "ಏ ಹುಚ್ಚಾ, ಗಂಡ ಸತ್ತಾಕಿ ನಾ. ನನ್ನ ಉಡಿ ಯಾರು ತುಂಬ್ತಾರೋ?"

"ಅಲ್ಲಿ ಯಾರಿಗೂ ಬ್ಯಾಡ ಅನ್ನಂಗಿಲ್ಲ ಅವ್ವ. ನಿಮ್ಮ ಮಗಳ ಮನೀ ಪದ್ಧತಿ ಅದು."

ಸೊಸೆ ಅತ್ತೆಯ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಿದಳು. ಮರಿಯವ್ವ ಸೆರಗಿನ ತುದಿ ಹುಡುಕಿಕೊಂಡು, ಎರಡೂ ಕೈಯಿಂದ ಒಡ್ಡಿದರು. ನಾನು ಗಂಟು ಬಿಚ್ಚಿದೆ. ಅಕ್ಕಿಯಲ್ಲ, ಜೋಳ. ಚಿಟಿಕೆಯಲ್ಲ, ಎರಡು ಬೊಗಸೆ. ಅದರ ಜತೆ ಅಲ್ಲಿಯ ಹೆಂಗಸರು ಸುತ್ತಿಕೊಳ್ಳುವ ಬಣ್ಣದ ಬಟ್ಟೆಯ ಒಂದು ತುಂಡು. ಎಲ್ಲವನ್ನೂ ಸೆರಗಿಗೆ ಹಾಕಿದೆ. ಮುದುಕಿ ಬೆರಳಿನಿಂದ ಕಾಳು ತಿರುವಿ ನೋಡಿದರು.

"ನಮ್ಮ ಜೋಳಕ್ಕಿಂತ ಸಣ್ಣದೈತಿ" ಎಂದರು. ಆಮೇಲೆ ಅತ್ತರು. ನನಗೂ ತಡೆಯಲಾಗಲಿಲ್ಲ, ಬಾಗಿಲ ಕಡೆ ಮುಖ ತಿರುಗಿಸಿದೆ.

ನಾನು ಹೊರಡುವಾಗ ಮರಿಯವ್ವ ಸೆರಗಿನಿಂದ ಒಂದು ಚಿಟಿಕೆ ಜೋಳ ತೆಗೆದು, ನನ್ನ ಟವೆಲಿನ ತುದಿ ತಡಕಿ ಹಿಡಿದು ಅದರಲ್ಲಿ ಕಟ್ಟಿದರು. "ಅಕಿ ಮನಿ ಬರಿದಾಗಬಾರ್ದು. ಇದನ್ನ ಮುಟ್ಟಸು. ಅವ್ವನೂ ಬಾಳ ದಣದಾಳ, ಅಲ್ಲಿ ನೀ ಒಂದೀಟು ಕುಂದ್ರು, ಇಲ್ಲಿ ನಾ ಒಂದೀಟು ಕುಂದ್ರತೇನಿ ಅಂತ ಹೇಳು."

ಇದೆಲ್ಲ ಆಗಿ ತಿಂಗಳಾಯಿತು. ಮಂಗಳೂರಿನ ಸಿಸ್ಟರ್ ಸದ್ಯಕ್ಕೆ ಆ ಕಡೆ ಹೋಗುವುದಿಲ್ಲವಂತೆ. ಗಾಡಿ ಮಾಲೀಕರು ಮತ್ತೆ ಆಫ್ರಿಕಾಕ್ಕೆ ಬಾ ಎಂದು ಎರಡು ಸಲ ಫೋನು ಮಾಡಿದರು, ಆಣೆ ನೆನಪಾಗಿ ಎರಡು ಸಲವೂ ಆಗುವುದಿಲ್ಲ ಎಂದೆ. ನಿಜ ಹೇಳಬೇಕೆಂದರೆ ನನ್ನ ಮೈಯಲ್ಲಿ ಇನ್ನೂ ಶಕ್ತಿಯಿಲ್ಲ. ಮೊನ್ನೆ ಗಿರಿಜಾ ಮನೆಯ ಬಟ್ಟೆಯನ್ನೆಲ್ಲ ಒಗೆದು ಹಾಕಿದಳು. ಆ ಟವೆಲ್ ಒಂದನ್ನು ಮಾತ್ರ ಗಂಟಿನ ಸಮೇತ ಹಾಗೇ ತಂದು ನನ್ನ ಮುಂದಿಟ್ಟಳು. ಎಲ್ಲೂ ಹೋಗುವುದಿಲ್ಲ ಎಂಬ ನನ್ನ ಆಣೆ ಕೇಳಿಸಿಕೊಂಡವಳೇ ಹೇಳಿದಳು:

"ಇನ್ನೊಬ್ರ ಉಡಿ ಮನ್ಯಾಗ ಬಾಳ ದಿನಾ ಇಟ್ಕೋಬಾರ್ದು ರೀ. ಮುಟ್ಟಿಸಿ ಬರ್ರಿ."